ದೊಡ್ಡಪ್ಪನ ಮೆಸೇಜ್‌ಗೆ ಉತ್ತರ

ದೊಡ್ಡಪ್ಪ, ನಮಸ್ಕಾರ. ಎಲ್ಲರಿಗೂ ನಮಸ್ಕಾರ. ಟೈಪ್ ಮಾಡಿದ್ರೆ ಒರಟಾಗಿ ಕಾಣ್ಬಹುದು ಅಂತ ಮಾತಲ್ಲೇ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ. ಚಿಕ್ಕಮ್ಮನ ಮಗನ್ನ ಕಂಪನಿಯವರು ತೆಗೆದ್ರು ಅಂತ ಗೊತ್ತಾದಾಗ ನೀವು ನಮ್ಮ ಈ ಫ್ಯಾಮಿಲಿ ಗ್ರೂಪ್‌ನಲ್ಲಿ 'ಚೆನ್ನಾಗಿ ದುಡಿಯೋರನ್ನ ಯಾರೂ ಕಳಿಸಲ್ಲ' ಅಂತ ಬರೆದ್ರಿ. ಅದನ್ನ ಅವನೂ ಓದಿದಾನೆ. ಆ ಮಾತು ನಿಜ ಅಲ್ಲ ದೊಡ್ಡಪ್ಪ.

ಲೇಆಫ್ ಅಂದ್ರೆ ಮೊದಲು ಮೇಲಿನವರು ಖರ್ಚಿನ ಲೆಕ್ಕ ಹಾಕ್ತಾರೆ. ಇಷ್ಟು ಇಳಿಸ್ಬೇಕು, ಈ ಪ್ರಾಜೆಕ್ಟ್ ನಿಲ್ಲಿಸ್ಬೇಕು ಅಂತ. ಜನರ ಹೆಸರು ಬರೋದು ಆಮೇಲೆ. ಆ ಪ್ರಾಜೆಕ್ಟ್‌ನಲ್ಲಿ ಇದ್ದೋರು ಎಷ್ಟೇ ಜಾಣರಾದ್ರೂ ಪಟ್ಟಿಗೆ ಸೇರ್ಬಹುದು. 2022ರ ನವೆಂಬರ್‌ನಲ್ಲಿ ಫೇಸ್‌ಬುಕ್ ನಡೆಸೋ ಮೆಟಾ ಕಂಪನಿ 11,000ಕ್ಕೂ ಹೆಚ್ಚು ಜನರನ್ನ ತೆಗೀತಲ್ಲ, ಕೋವಿಡ್ ಕಾಲದ ಆನ್‌ಲೈನ್ ಭರಾಟೆ ಹಾಗೇ ಉಳಿಯುತ್ತೆ ಅಂದ್ಕೊಂಡು ಖರ್ಚು ಏರಿಸಿದೆ, ನನ್ನ ಅಂದಾಜು ತಪ್ಪಾಯ್ತು ಅಂತ ಅದರ ಮುಖ್ಯಸ್ಥ ಜುಕರ್‌ಬರ್ಗ್ ಅವರೇ ಬರೆದ್ರು. ಮುಂದಿನ ಜನವರಿಲಿ ಗೂಗಲ್ 12,000, ಮೈಕ್ರೋಸಾಫ್ಟ್ 10,000. ಎರಡೂ ಲಾಭದಲ್ಲಿದ್ದ ಕಂಪನಿಗಳೇ. ಗೂಗಲ್‌ನಲ್ಲಿ ಹದಿನೈದು, ಇಪ್ಪತ್ತು ವರ್ಷ ದುಡಿದವರಿಗೂ ಇಮೇಲ್‌ನಲ್ಲೇ ಗೊತ್ತಾಗಿದ್ದು. ಕೆಲಸ ಬರದವರನ್ನ ಅಷ್ಟು ವರ್ಷ ಯಾರು ಇಟ್ಕೋತಾರೆ ಹೇಳಿ?

ಅತ್ತೆ, ಕೆಲಸ ಹೋಗ್ತಿರೋದೆಲ್ಲಾ ಎಐಯಿಂದ ಅಂದ್ರು. ಈಗ ಅದೂ ಒಂದು ಕಾರಣ, ಒಪ್ಪುತ್ತೀನಿ. ಆದ್ರೆ ಮೆಟಾ ಆ 11,000 ಜನರನ್ನ ಕಳಿಸಿದಾಗ ಚಾಟ್‌ಜಿಪಿಟಿ ಇನ್ನೂ ಬಂದೇ ಇರ್ಲಿಲ್ಲ.

ಇನ್ನು ಉಳ್ಕೊಂಡೋರು. ಇದನ್ನ ಯಾರೂ ಕೇಳಲ್ಲ, ಅದಕ್ಕೇ ಹೇಳ್ತೀನಿ. ನಮ್ಮ ಟೀಮ್‌ನಲ್ಲೂ ಇದು ಆಗಿದೆ. ಹೋದವರ ಕಂಪ್ಯೂಟರ್ ಆಕ್ಸೆಸ್ ಅವತ್ತೇ ಕಟ್, ಕೆಟಿ, ಅಂದ್ರೆ ತಮ್ಮ ಕೆಲಸದ ವಿವರ ಉಳಿದವರಿಗೆ ಹೇಳ್ಕೊಡೋಕೂ ಬಿಡಲಿಲ್ಲ. ನಡುರಾತ್ರಿ ಸರ್ವರ್ ಬಿದ್ರೆ ಆ ಕೋಡ್ ಯಾಕೆ ಹಾಗಿದೆ ಅಂತ ಹೇಳೋರೇ ಇಲ್ಲ. ಜನ ಕಮ್ಮಿ ಆದ್ರು, ಕೆಲಸ ಅಷ್ಟೇ ಇದೆ, ಆನ್‌ಕಾಲ್ ಸರದಿ, ಅಂದ್ರೆ ಯಾವ ಹೊತ್ತಲ್ಲಿ ಕರೆ ಬಂದ್ರೂ ಎದ್ದು ಸರಿ ಮಾಡೋ ಪಾಳಿ, ಬೇಗ ಬೇಗ ಬರುತ್ತೆ. ಹೊಸಬರನ್ನ ಪಕ್ಕ ಕೂರಿಸ್ಕೊಂಡು ಕಲಿಸೋಕೆ ಯಾರಿಗೂ ಪುರುಸೊತ್ತಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಅಂದ್ರೆ, ಮೀಟಿಂಗ್‌ನಲ್ಲಿ 'ಈ ಡೇಟ್‌ಗೆ ಇದು ಆಗಲ್ಲ' ಅಂತ ಹೇಳೋ ಧೈರ್ಯ ಹೋಯ್ತು. ಮುಂದಿನ ಪಟ್ಟಿಲಿ ನಮ್ಮ ಹೆಸರಿದ್ರೆ ಅನ್ನೋ ಭಯ. ಎಲ್ಲರೂ ಹೂಂ ಅಂತಾರೆ, ಆಮೇಲೆ ಡೇಟ್ ತಪ್ಪುತ್ತೆ. ಉಳಿಸಿದ ಸಂಬಳಕ್ಕೆ ಕಂಪನಿ ಹೀಗೂ ಬೆಲೆ ತೆರುತ್ತೆ ದೊಡ್ಡಪ್ಪ.

ಚಿಕ್ಕಮ್ಮನ ಮಗನಿಗೆ ದಿನಾ 'ಏನಾಯ್ತಪ್ಪ, ಸಿಕ್ತಾ' ಅಂತ ದಯವಿಟ್ಟು ಯಾರೂ ಕೇಳ್ಬೇಡಿ. ಈ ಗ್ರೂಪ್‌ನಲ್ಲಿ ಐಟಿಲಿರೋ ಅಕ್ಕ, ಭಾವ, ನಿಮ್ಮ ಕಂಪನಿಲಿ ಓಪನಿಂಗ್ ಇದ್ರೆ ರೆಫರ್ ಮಾಡಿ. ಸುಮ್ನೆ ಲಿಂಕ್ ಫಾರ್ವರ್ಡ್ ಮಾಡೋದು ಬೇಡ, ಅವನಿಗೇ ಫೋನ್ ಮಾಡಿ. ಕೆಲಸದಿಂದ ಕಳಿಸೋವಾಗ ಕಂಪನಿ ಕೊಡೋ ಸೆಟ್ಲ್‌ಮೆಂಟ್ ಪೇಪರ್ ಪೂರ್ತಿ ಓದದೆ ಸೈನ್ ಮಾಡ್ಬೇಡ ಅಂತ ನಾನು ಹೇಳಿದೀನಿ, ಶನಿವಾರ ಇಬ್ರೂ ಕೂತು ನೋಡ್ತೀವಿ. ದೊಡ್ಡಪ್ಪ, ನೀವೂ ಒಂದು ಸಲ ಮಾತಾಡಿ. ನಿಮ್ಮ ಮಾತು ಅಂದ್ರೆ ಅವನಿಗೆ ತುಂಬಾ ಬೆಲೆ.