ನರಕೋಶ ‘ಮಿಡಿಯುತ್ತದೆ’ ಎನ್ನಬಹುದೇ?

ಧಾರವಾಡದ ಪದವಿಪೂರ್ವ ವಿದ್ಯಾರ್ಥಿಗಳಿಗಾಗಿ ನರಕೋಶಗಳ ಕುರಿತು ಕನ್ನಡದಲ್ಲಿ ಒಂದು ಉಪನ್ಯಾಸ ಬರೆಯುತ್ತಿದ್ದೇನೆ. ನರಕೋಶದಲ್ಲಿ ಹಾಯುವ ಕ್ಷಣಿಕ ವಿದ್ಯುತ್ ಸಂಕೇತಕ್ಕೆ ‘ನರಾವೇಗ’ ಎಂಬ ನಾಮಪದವೇನೋ ಕೈಗೆ ಸಿಗುತ್ತದೆ. ನರಕೋಶ ‘ಫೈರ್’ ಆಗುವುದಕ್ಕೆ, ಅಂದರೆ ಅಂಥ ಆವೇಗವನ್ನು ಹುಟ್ಟಿಸುವುದಕ್ಕೆ, ಒಪ್ಪುವ ಕ್ರಿಯಾಪದ ಯಾವುದು ಎಂಬುದು ನನ್ನ ಪ್ರಶ್ನೆ.

ವಿಶ್ರಾಂತಿಯಲ್ಲಿರುವ ನರಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣಾತ್ಮಕವಾಗಿರುತ್ತದೆ. ಪ್ರಚೋದನೆಯು ಒಂದು ಮಿತಿಯನ್ನು ದಾಟಿದೊಡನೆ ಪೊರೆಯಲ್ಲಿನ ಸೋಡಿಯಂ ಕಾಲುವೆಗಳು ತೆರೆದುಕೊಂಡು ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ, ಬೆನ್ನಿಗೇ ಪೊಟ್ಯಾಸಿಯಂ ಹೊರಹರಿದು ಕೋಶವು ಮೊದಲಿನ ಸ್ಥಿತಿಗೆ ಮರಳುತ್ತದೆ. ಇದೇ ನರಾವೇಗ; ಇದೆಲ್ಲ ಮುಗಿಯಲು ಕೆಲವೇ ಮಿಲಿಸೆಕೆಂಡು ಸಾಕು. ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಇದನ್ನು 1952ರಲ್ಲಿ ಕಡಲಜೀವಿ ಸ್ಕ್ವಿಡ್‌ನ ದಪ್ಪ ನರತಂತುವಿನ ಪ್ರಯೋಗಗಳಿಂದ ಗಣಿತಕ್ಕೆ ಇಳಿಸಿದರು.

‘ಮಿಡಿ’ ಎಂಬ ಪದ ನನಗೆ ಪ್ರಿಯವೇ, ಆದರೆ ಅಡ್ಡಿ ಎರಡಿವೆ. ಸಿತಾರಿನ ತಂತಿಯನ್ನು ಜೋರಾಗಿ ಮಿಡಿದಷ್ಟೂ ನಾದ ದೊಡ್ಡದಾಗುತ್ತದೆ. ನರಾವೇಗ ಹಾಗಲ್ಲ, ಮಿತಿ ದಾಟಿದರೆ ಪೂರ್ತಿ, ಇಲ್ಲವಾದರೆ ಇಲ್ಲವೇ ಇಲ್ಲ, ಪ್ರಚೋದನೆ ಹೆಚ್ಚಾದರೆ ಆವೇಗಗಳು ಪದೇಪದೇ ಬರುತ್ತವೆಯೇ ಹೊರತು ಒಂದೊಂದರ ಗಾತ್ರ ಬೆಳೆಯುವುದಿಲ್ಲ. ಇನ್ನೊಂದು ಅಡ್ಡಿ ಬೆಳಕಿನ ಪ್ರಯೋಗಗಳದು. ಕ್ಲಾಮಿಡೊಮೊನಾಸ್ ಎಂಬ ಹಸಿರು ಪಾಚಿಯ ಚಾನೆಲ್‌ರೊಡಾಪ್ಸಿನ್ ಪ್ರೋಟೀನಿನ ಜೀನನ್ನು ನರಕೋಶಕ್ಕೆ ಸೇರಿಸಿದರೆ ನೀಲಿ ಬೆಳಕು ಬಿದ್ದೊಡನೆ ಧನ ಅಯಾನುಗಳು ಒಳಬಂದು ಆವೇಗ ಹುಟ್ಟುತ್ತದೆ ಎಂಬುದನ್ನು ಬಾಯ್ಡನ್, ಡೈಸೆರಾತ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದರು. ಹ್ಯಾಲೊರೊಡಾಪ್ಸಿನ್ ಎಂಬ ಇನ್ನೊಂದು ಪ್ರೋಟೀನು ಇದ್ದರೆ ಹಳದಿ ಬೆಳಕು ಕ್ಲೋರೈಡನ್ನು ಒಳಗೆಳೆದು ಆವೇಗವನ್ನು ತಡೆಯುತ್ತದೆ. ಇಲ್ಲಿ ‘ಮಿಡಿತ ನಿಂತಿತು’ ಎಂದು ಬರೆದರೆ ಓದುಗರು ಕೋಶ ಸತ್ತಿತೆಂದೇ ತಿಳಿದಾರು, ಆದರೆ ಬೆಳಕನ್ನು ಆರಿಸಿದರೆ ಅದು ಮತ್ತೆ ಎಂದಿನಂತೆ ಕೆಲಸ ಮಾಡುತ್ತದೆ.

‘ಸಿಡಿ’ ಎಂಬುದು ಅರ್ಥಕ್ಕೆ ಇನ್ನೂ ಹತ್ತಿರ. ಆದರೆ ‘ತಲಿ ಸಿಡೀಲಿಕ್ಕತ್ತದ’ ಎನ್ನುವ ಹುಬ್ಬಳ್ಳಿ-ಧಾರವಾಡದಲ್ಲಿ ಮಿದುಳಿನ ಕೋಶಗಳು ಸಿಡಿಯುತ್ತವೆ ಎಂದರೆ ತಲೆನೋವಿನ ಪಾಠವಾದೀತು!

ಬೆಳಕಿನಿಂದ ನರಕೋಶಗಳನ್ನು ನಿಯಂತ್ರಿಸುವ ಈ ವಿಧಾನದ ಹೆಸರಾದ ‘ಆಪ್ಟೊಜೆನೆಟಿಕ್ಸ್’ ಅನ್ನು ‘ದ್ಯುತಿ ತಳಿವಿಜ್ಞಾನ’ ಎನ್ನುವುದಕ್ಕೆ ನನ್ನ ಒಪ್ಪಿಗೆಯಿಲ್ಲ; ಅನುವಂಶೀಯತೆಯ ಅಧ್ಯಯನ ಅದರ ಗುರಿಯೇ ಅಲ್ಲ. ಹಾಗಾಗಿ ಎರವಲು ಪದವನ್ನೇ ಉಳಿಸಿಕೊಂಡಿದ್ದೇನೆ.

ಮೊಣಕೈ ತಾಗಿದಾಗ ಕಿರುಬೆರಳಿನವರೆಗೆ ‘ಝುಮ್’ ಎನ್ನುವುದು ನಿಜಕ್ಕೂ ನರಾವೇಗಗಳ ಅನುಭವ. ಅದಕ್ಕೆ ಗದಗ, ಹಾವೇರಿಯ ಕಡೆ ಬೇರೆ ಕ್ರಿಯಾಪದವಿದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.