ಜಗಲಿಯ ಟಿ.ವಿ. ಅಪ್ಪನ ಕೋಣೆಗೆ ಬರಬೇಕು, ವೈರ್ ಎಳೆಯುವಂತಿಲ್ಲ

ಜಗಲಿಕಟ್ಟೆ:
ನಮ್ಮದು ಶಿರಸಿ ಹತ್ತಿರದ ಹಳೇ ಹೆಂಚಿನ ಮನೆ. ಜಂಬಿಟ್ಟಿಗೆ ಗೋಡೆ, ಒಂದೂವರೆ ಅಡಿ ದಪ್ಪ. ಟಿ.ವಿ., ಡಿಟಿಎಚ್ ಬಾಕ್ಸ್ ಎರಡೂ ಜಗಲಿಯಲ್ಲಿವೆ. ಮಂಡಿ ಆಪರೇಷನ್ ಆದಮೇಲೆ ಅಪ್ಪ ಹಿಂದಿನ ಕೋಣೆ ಸೇರಿದ್ದಾರೆ. ಮಧ್ಯೆ ನಡುಮನೆ, ಅದರಾಚೆ ದೇವರ ಕೋಣೆ. ಹಳೇ 24 ಇಂಚಿನ ಟಿ.ವಿ.ಯೊಂದನ್ನು ಅವರ ಮಂಚದ ಎದುರು ಇಟ್ಟಿದ್ದೇನೆ. ಸದ್ಯ ಅದರ ಮೇಲೆ ಟವೆಲ್ ಒಣಗುತ್ತಿದೆ.

ದೇವರ ಕೋಣೆಯ ಗೋಡೆಗೆ ಡ್ರಿಲ್ ತಾಗಿಸಿದರೆ ಅಮ್ಮ ನನಗೆ ಊಟ ಹಾಕುವುದಿಲ್ಲ. ನೆಲದ ಮೇಲೆ ಎಳೆದರೆ ವಾಕರ್ ಹಿಡಿದ ಅಪ್ಪ ಎಡವುತ್ತಾರೆ.

ಆನ್‌ಲೈನಿನಲ್ಲಿ ಒಂದು ವೈರ್‌ಲೆಸ್ ಎಚ್‌ಡಿಎಂಐ ಜೋಡಿ ತರಿಸಿದ್ದೆ, ಬಾಕ್ಸಿನ ಚಿತ್ರವನ್ನು ವೈರಿಲ್ಲದೆ ಇನ್ನೊಂದು ಟಿ.ವಿ.ಗೆ ಕಳಿಸುವಂಥದ್ದು. ಡಬ್ಬದ ಮೇಲೆ 30 ಮೀಟರ್ ಅಂತ ದೊಡ್ಡದಾಗಿ ಬರೆದಿತ್ತು. ನಡುಮನೆವರೆಗೆ ಚಂದ ಬಂತು. ಅಪ್ಪನ ಕೋಣೆಯಲ್ಲಿ ಬಾಗಿಲು ತೆಗೆದಿದ್ದರೆ ಚಿತ್ರ ಚೌಕ ಚೌಕ, ಹಾಕಿದರೆ ಬರೀ ನೀಲಿ ಪರದೆ. ವಾಪಸ್ ಕಳಿಸಿದೆ. ಬೇರೆ ದಾರಿ ಇದೆಯಾ?

ಬೆಸುಗೆಕಡ್ಡಿ:
ಆ 30 ಮೀಟರ್ ಅಡಿಕೆ ಒಣಗಿಸುವ ಅಂಗಳದ ಲೆಕ್ಕ ಮಾರಾಯ್ರೆ, ಮನೆಯದಲ್ಲ. ಇಂಥವು ಹೆಚ್ಚಾಗಿ 5 ಗಿಗಾಹರ್ಟ್ಸ್‌ನಲ್ಲಿ ಓಡುತ್ತವೆ. ಅಷ್ಟು ದಪ್ಪದ ಜಂಬಿಟ್ಟಿಗೆ, ಅದೂ ಮಳೆಗಾಲದಲ್ಲಿ ನೀರು ಕುಡಿದು ಕೂತಿದ್ದರೆ, ಸಿಗ್ನಲ್ ಅಲ್ಲೇ ಇಂಗಿಹೋಗುತ್ತದೆ. 60 ಗಿಗಾಹರ್ಟ್ಸ್‌ನವು ಇನ್ನೂ ನಾಜೂಕು, ಎದುರಿಗೆ ಮನುಷ್ಯ ನಿಂತರೂ ಮುನಿಸಿಕೊಳ್ಳುತ್ತವೆ. ಹಿಂದೆ 2.4 ಗಿಗಾಹರ್ಟ್ಸ್‌ನ ಎವಿ ಸೆಂಡರ್ ಬರುತ್ತಿತ್ತು. ಹಳದಿ, ಕೆಂಪು, ಬಿಳಿ ಪಿನ್ನಿನದು. ಗೋಡೆ ದಾಟುವುದರಲ್ಲಿ ಅದೇ ಗಟ್ಟಿಗ, ಆದರೆ ಚಿತ್ರ ಮಸುಕು, ಮನೆಯ ವೈಫೈ ಜೊತೆ ನಿತ್ಯ ಜಗಳ.

ಇನ್ನೊಂದು ವಿಷಯ ಯೋಚಿಸಿದ್ದೀರಾ? ಒಂದು ಬಾಕ್ಸಿನಿಂದ ಚಿತ್ರ ಕಳಿಸಿದರೆ ಎರಡೂ ಕಡೆ ಒಂದೇ ಚಾನೆಲ್.

ಜಗಲಿಕಟ್ಟೆ:
ಯೋಚಿಸಿರಲಿಲ್ಲ. ಹಾಗಾದರೆ ಕೆಲಸ ಕೆಟ್ಟಿತು. ಅಮ್ಮನಿಗೆ ಏಳೂವರೆಗೆ ಧಾರಾವಾಹಿ, ಅಪ್ಪನಿಗೆ ಕ್ರಿಕೆಟ್. ನಲವತ್ತು ವರ್ಷದ ಸಂಸಾರಕ್ಕೆ ನಾನು ಈಗ ಕಲ್ಲು ಹಾಕಲಾರೆ.

ತೋಟದವೈಫೈ:
ಚಿತ್ರ ಕಳಿಸುವುದು ಬಿಡಿ, ಇಂಟರ್ನೆಟ್ ಕಳಿಸಿ. ಆ ಟಿ.ವಿ.ಗೆ ಎಚ್‌ಡಿಎಂಐ ಇದ್ದರೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಸಾಕು, ಇಂಟರ್ನೆಟ್ಟಿನಿಂದ ಚಾನೆಲ್ ತೋರಿಸುವ ಪುಟ್ಟ ಕಡ್ಡಿ ಅದು. ವೈಫೈ ಅಲ್ಲಿಗೆ ಮುಟ್ಟದಿದ್ದರೆ ಪವರ್‌ಲೈನ್ ಅಡಾಪ್ಟರ್ ಹಾಕಿ. ಅದು ಜೋಡಿಯಾಗಿ ಬರುತ್ತದೆ, ಒಂದನ್ನು ರೌಟರ್ ಪಕ್ಕದ ಪ್ಲಗ್ಗಿಗೆ, ಇನ್ನೊಂದನ್ನು ಅಪ್ಪನ ಕೋಣೆಯ ಪ್ಲಗ್ಗಿಗೆ. ಮನೆಯ ಕರೆಂಟ್ ವೈರಿನಲ್ಲೇ ಡೇಟಾ ಓಡುತ್ತದೆ, ಹೊಸದು ಎಳೆಯಬೇಕಿಲ್ಲ. ಎರಡೂ ಒಂದೇ ಫೇಸ್‌ನಲ್ಲಿರಲಿ. ಸ್ಪೈಕ್ ಬಸ್ಟರ್‌ಗೆ ಹಾಕಬೇಡಿ, ನೇರ ಗೋಡೆಯ ಪ್ಲಗ್ಗಿಗೇ ಹಾಕಿ. ಒಂದೇ ತಕರಾರು, ಸ್ಟ್ರೀಮಿಂಗ್‌ನಲ್ಲಿ ಲೈವ್ ಮ್ಯಾಚ್ ಕೆಲವು ಸೆಕೆಂಡ್ ತಡವಾಗಿ ಬರುತ್ತದೆ.

ಛತ್ರಿರಿಪೇರಿ:
ಹದಿನೆಂಟು ವರ್ಷದಿಂದ ಡಿಶ್ ಕೂರಿಸುವವನು ನಾನು. ಜಗಲಿಯಿಂದಲೇ ಹೊತ್ತು ತರಬೇಕು ಅಂತ ಯಾಕೆ ಹಟ? ಆಕಾಶ ಹಿತ್ತಲಿನಲ್ಲೂ ಇದೆಯಲ್ಲ. ಅಪ್ಪನ ಕೋಣೆ ಹಿಂದೆಯೇ ಡಿಡಿ ಫ್ರೀ ಡಿಶ್, ಅಂದರೆ ದೂರದರ್ಶನದ ಉಚಿತ ಡಿಟಿಎಚ್, ಕೂರಿಸಿ. ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತದೆ, ಭಾರತದ ಏಕದಿನ, ಟಿ20 ಪಂದ್ಯ ಡಿಡಿ ಸ್ಪೋರ್ಟ್ಸ್‌ನಲ್ಲಿ ಸಿಗುತ್ತದೆ. 2007ರ ಕಾಯ್ದೆ ಪ್ರಕಾರ ಅಂಥ ಪಂದ್ಯಗಳ ಸಿಗ್ನಲ್ ದೂರದರ್ಶನಕ್ಕೆ ಕೊಡಲೇಬೇಕು. ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವದಲ್ಲಿದೆ. ಶಿರಸಿಯಿಂದ ಆಗ್ನೇಯಕ್ಕೆ ತಿರುಗಿಸಿ ಸುಮಾರು 62 ಡಿಗ್ರಿ ಮೇಲಕ್ಕೆತ್ತಬೇಕು. ಅಷ್ಟು ಎತ್ತರಕ್ಕೆ ನೋಡುವುದರಿಂದ ಅಡಿಕೆ ಮರ ಸ್ವಲ್ಪ ದೂರವಿದ್ದರೆ ಅಡ್ಡ ಬರುವುದಿಲ್ಲ. ಕೇಬಲ್ ಬೇಕು, ಒಪ್ಪುತ್ತೇನೆ. ಆದರೆ ಐದಾರು ಮೀಟರ್ ಅಷ್ಟೆ. ಹೆಂಚಿಗೂ ಗೋಡೆಗೂ ನಡುವೆ ಸಂದು ಇರುತ್ತದೆ, ಅಲ್ಲಿಂದ ಒಳಗೆ ಬಿಡಿ, ಡ್ರಿಲ್ ಬೇಡ. ಹೊರಗೆ ಕೇಬಲ್ಲಿಗೆ ಒಂದು ಇಳಿಬಿದ್ದ ಬಾಗು ಕೊಡಿ. ಇಲ್ಲವಾದರೆ ಮಳೆನೀರು ಅದನ್ನೇ ಹಿಡಿದುಕೊಂಡು ಮಂಚಕ್ಕೆ ಇಳಿಯುತ್ತದೆ.

ಜಗಲಿಕಟ್ಟೆ (ಮೂರು ವಾರದ ನಂತರ):
ಮೊದಲು ಪವರ್‌ಲೈನ್ ನೋಡಿದೆ, ಸ್ನೇಹಿತನೊಬ್ಬನ ಹತ್ತಿರ ಜೋಡಿ ಇತ್ತು. ಓಡಿತು. ಆದರೆ ಅಮ್ಮ ಮಿಕ್ಸಿ ಹಾಕಿದಾಗೆಲ್ಲ ಚಿತ್ರ ನಿಂತು ಪರದೆಯ ಮೇಲೆ ಚಕ್ರ ಗಿರಕಿ ಹೊಡೆಯುತ್ತಿತ್ತು. ಕರೆಂಟ್ ಹೋದರೆ ರೌಟರ್ ಇನ್ವರ್ಟರಿನಲ್ಲಿ ಉಳಿಯುತ್ತದೆ, ಅಪ್ಪನ ಪ್ಲಗ್ ಸತ್ತುಹೋಗುತ್ತದೆ. ಇದಕ್ಕಿಂತ ದೊಡ್ಡ ತೊಡಕು ಅಪ್ಪ. ಆ್ಯಪ್ ತೆರೆ, ಪ್ರೊಫೈಲ್ ಆರಿಸು ಅಂದರೆ 'ಟಿ.ವಿ. ನೋಡಲಿಕ್ಕೆ ಅರ್ಜಿ ಹಾಕಬೇಕೇನೋ' ಅಂದರು. ಅವರಿಗೆ ಗುಂಡಿ ಒತ್ತಿದರೆ ಚಾನೆಲ್ ಬರಬೇಕು.

ಕೊನೆಗೆ ಛತ್ರಿಯೇ ಗತಿ. ಬಚ್ಚಲಮನೆ ಹಿಂದಿನ ಕಟ್ಟೆಯ ಮೇಲೆ ಕೂರಿಸಿದೆವು. ದಿಕ್ಕು ಹೊಂದಿಸಲು ಮಧ್ಯಾಹ್ನವಿಡೀ ಹೋಯಿತು. ನಾನು ಹೊರಗೆ ಡಿಶ್ ಹಿಡಿದು 'ಬಂತಾ?' ಅನ್ನುವುದು, ಮಗ ಒಳಗಿಂದ 'ಹೋಯ್ತು!' ಅನ್ನುವುದು. 1990ರ ಆಂಟೆನಾ ದಿನಗಳೇ ವಾಪಸ್ ಬಂದ ಹಾಗಿತ್ತು. ಕೇಬಲ್ ಹೆಂಚಿನ ಸಂದಿನಿಂದಲೇ ಒಳಗೆ ಬಂದಿದೆ, ಬಾಗೂ ಕೊಟ್ಟಿದ್ದೇನೆ. ಆ ಕೋಣೆಗೆ ಇನ್ವರ್ಟರ್ ಲೈನ್ ಎಳೆಯುವ ಬಾಬ್ತು ಇನ್ನೂ ಬಾಕಿ.

ಜೋರು ಮಳೆ ಬಂದರೆ ಜಗಲಿಯದು, ಅಪ್ಪನದು ಎರಡೂ ಒಟ್ಟಿಗೇ ಹೋಗುತ್ತವೆ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಈಗ ದೂರು ಹೇಳುತ್ತಿರುವವನು ಮಗ. ಅವನು ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಮ್ಯಾಚ್ ನೋಡುತ್ತಾನೆ. ಬೌಲರ್ ಇನ್ನೂ ಓಡಿ ಬರುತ್ತಿರುವಾಗಲೇ ಹಿಂದಿನ ಕೋಣೆಯಿಂದ 'ಔಟ್!' ಅಂತ ಅಪ್ಪನ ಕೂಗು. ಒಂದೂವರೆ ಅಡಿ ಗೋಡೆ ಆ ಸಿಗ್ನಲ್ ಮಾತ್ರ ತಡೆಯುವುದಿಲ್ಲ.