ರಾಜು ಮಾವನಿಗೆ ಉತ್ತರ: ಜಿಕೋ ಬಗ್ಗೆ

ರಾಜು ಮಾವ, ಟೈಪ್ ಮಾಡೋಕೆ ಕೂತ್ರೆ ರಾತ್ರಿಯಾಗುತ್ತೆ, ಅದಕ್ಕೇ ಮಾತಾಡ್ತಾ ಇದೀನಿ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿ. ಫುಟ್‌ಬಾಲಲ್ಲಿ ದೊಡ್ಡ ಆಟಗಾರ ಒಳ್ಳೆ ಕೋಚ್ ಆಗೋದೇ ಇಲ್ಲ, ಏಷ್ಯಾದಲ್ಲಿ ಒಬ್ಬನ ಹೆಸರು ಹೇಳಿ ನೋಡೋಣ ಅಂತ ನೀವು ನಿನ್ನೆ ಗ್ರೂಪಲ್ಲಿ ಕೇಳಿದ್ರಲ್ಲ. ನಾನು ಹೇಳೋ ಹೆಸರು ಥಾಯ್ಲೆಂಡಿನ ಕಿಯಾತಿಸುಕ್ ಸೇನಾಮುವಾಂಗ್. ಅಲ್ಲಿನ ಜನ ಪ್ರೀತಿಯಿಂದ ಜಿಕೋ ಅಂತಾರೆ.

ಉಡೋನ್ ಥಾನಿ ಕಡೆಯ ಹುಡುಗ, ಹುಟ್ಟಿದ್ದು 1973ರಲ್ಲಿ. ದೇಶಕ್ಕೆ 130ಕ್ಕೂ ಹೆಚ್ಚು ಪಂದ್ಯ ಆಡಿ 70ರ ಆಸುಪಾಸು ಗೋಲ್ ಹೊಡೆದ. ಗೋಲ್ ಬಿದ್ರೆ ಮೈದಾನದಲ್ಲೇ ಲಾಗ ಹಾಕ್ತಿದ್ದ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸಲ್ಲಿ ಥಾಯ್ಲೆಂಡ್ ಒಂಬತ್ತೇ ಜನ ಉಳಿದೂ ದಕ್ಷಿಣ ಕೊರಿಯಾವನ್ನ ಸೋಲಿಸ್ತಲ್ಲ, ಅವತ್ತು ಮೊದಲ ಗೋಲ್ ಇವನದೇ. ಆಮೇಲೆ 1999ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಟೌನ್ ಕ್ಲಬ್ಬಿಗೆ ಹೋದ. ನಮ್ಮ ಬೈಚುಂಗ್ ಭುಟಿಯಾ ಅಲ್ಲಿನ ಬೆರಿ ಕ್ಲಬ್ಬಿಗೆ ಹೋದದ್ದೂ ಅದೇ ವರ್ಷ, ಎರಡೂ ಊರು ಹತ್ತಿರ ಹತ್ತಿರ. ಆದರೆ ಜಿಕೋಗೆ ಹಡರ್ಸ್‌ಫೀಲ್ಡಲ್ಲಿ ಒಂದು ಲೀಗ್ ಪಂದ್ಯವೂ ಸಿಗಲಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಸಿಂಗಾಪುರದಲ್ಲಿ ಸ್ವಲ್ಪ ಆಡಿ, 2002ರಲ್ಲಿ ವಿಯೆಟ್ನಾಮಿನ ಬೆಟ್ಟದೂರು ಪ್ಲೇಕುಗೆ ಹೋದ. ಹೋವಾಂಗ್ ಆನ್ ಜಿಯಾ ಲಾಯ್ ಕ್ಲಬ್. 2003, 2004 ಎರಡೂ ವರ್ಷ ಲೀಗ್ ಗೆದ್ರು. ಆಡ್ತಾ ಆಡ್ತಾನೇ ಕೋಚ್ ಕೆಲಸವೂ ಅಲ್ಲೇ ಹೆಗಲಿಗೆ ಬಿತ್ತು. ಥಾಯ್ಲೆಂಡಿಗೂ ವಿಯೆಟ್ನಾಮಿಗೂ ಫುಟ್‌ಬಾಲಲ್ಲಿ ಎಷ್ಟು ಜಿದ್ದು ಅಂತ ನಿಮಗೆ ಗೊತ್ತಲ್ಲ, ಅಂಥಾ ಊರಿನವರು ಇವನನ್ನ ಮನೆಮಗನ ಹಾಗೆ ನೋಡ್ಕೊಂಡ್ರು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. 2013ರಲ್ಲಿ ಥಾಯ್ಲೆಂಡಿನ ಇಪ್ಪತ್ಮೂರು ವರ್ಷದೊಳಗಿನ ಹುಡುಗರನ್ನ ಕಟ್ಟಿಕೊಂಡು ಮ್ಯಾನ್ಮಾರಲ್ಲಿ ಆಗ್ನೇಯ ಏಷ್ಯಾ ಕ್ರೀಡಾಕೂಟದ ಚಿನ್ನ ಗೆದ್ದ. ಮರುವರ್ಷ ಇಂಚಾನ್ ಏಷ್ಯನ್ ಗೇಮ್ಸಲ್ಲಿ ನಾಲ್ಕನೇ ಸ್ಥಾನ. ಅದೇ ಹುಡುಗರನ್ನ ಸೀನಿಯರ್ ತಂಡಕ್ಕೆ ತಂದು, ಚೆಂಡನ್ನ ನೆಲದಲ್ಲೇ ಚಿಕ್ಕ ಚಿಕ್ಕ ಪಾಸಲ್ಲಿ ಆಡಿಸಿದ. 2014ರ ಸುಜುಕಿ ಕಪ್, ಅಂದ್ರೆ ಆಗ್ನೇಯ ಏಷ್ಯಾ ದೇಶಗಳ ಕಪ್. ಫೈನಲ್ ಎರಡು ಪಂದ್ಯ, ಎರಡರ ಗೋಲೂ ಕೂಡಿಸಿ ಲೆಕ್ಕ. ಎರಡನೇ ಪಂದ್ಯ, ಕೌಲಾಲಂಪುರದ ಬುಕಿಟ್ ಜಲೀಲ್. ಬ್ಯಾಂಕಾಕಲ್ಲಿ 2-0 ಗೆದ್ದು ಬಂದಿದ್ರು, ಇಲ್ಲಿ ಮಲೇಷ್ಯಾ 3-0 ಮಾಡಿಬಿಡ್ತು. ಇಡೀ ಸ್ಟೇಡಿಯಂ ಕೂಗ್ತಿತ್ತು. 82ನೇ ನಿಮಿಷಕ್ಕೆ ಚಾರಿಲ್ ಶಾಪ್ವೀ ಒಂದು ಹೊಡೆದ. 87ಕ್ಕೆ ಚನಾತಿಪ್, ಆ 1.58 ಮೀಟರ್ ಎತ್ತರದ ಹುಡುಗ, ಇನ್ನೊಂದು. ಒಟ್ಟು 4-3! ಹನ್ನೆರಡು ವರ್ಷದ ಮೇಲೆ ಕಪ್ ಮನೆಗೆ ಬಂತು. ಆಟಗಾರನಾಗಿ ಗೆದ್ದ ಕಪ್ಪನ್ನೇ ಕೋಚ್ ಆಗಿಯೂ ಗೆದ್ದ ಮೊದಲಿಗ ಜಿಕೋ. 2016ರಲ್ಲಿ ಮತ್ತೆ ಗೆದ್ದ.

ಸೋತಿಲ್ವಾ ಅಂದ್ರೆ, ಸೋತಿದಾನೆ. ವಿಶ್ವಕಪ್ ಅರ್ಹತೆಯ ಕೊನೇ ಸುತ್ತಲ್ಲಿ ಆಸ್ಟ್ರೇಲಿಯಾ ಜೊತೆ 2-2 ಡ್ರಾ ಬಿಟ್ರೆ ಆವರೆಗೆ ಏನೂ ಕೈಗೆ ಸಿಗಲಿಲ್ಲ. 2017ರ ಮಾರ್ಚಲ್ಲಿ ಜಪಾನಲ್ಲಿ 4-0 ಸೋತ ಮೇಲೆ ರಾಜೀನಾಮೆ ಕೊಟ್ಟ. ಜಪಾನ್, ಸೌದಿ, ಆಸ್ಟ್ರೇಲಿಯಾ ಇರೋ ಗುಂಪು ಮಾವ ಅದು. ಆ ಸುತ್ತಿನ ತನಕ ತಂಡವನ್ನ ತಂದು ನಿಲ್ಲಿಸಿದ್ದೇ ಅವನು, ಅದನ್ನ ಸೋಲಿನ ಲೆಕ್ಕಕ್ಕೆ ಹಾಕೋಕೆ ನಾನಂತೂ ಒಪ್ಪಲ್ಲ.

2021ರಲ್ಲಿ ಮತ್ತೆ ಪ್ಲೇಕುಗೆ ವಾಪಸ್ ಬಂದು, ಹಳೇ ಕ್ಲಬ್ಬನ್ನ ಪಟ್ಟಿಯ ತುದಿಗೆ ಏರಿಸಿದ್ದ. ಅಷ್ಟರಲ್ಲಿ ಕೋವಿಡ್ ಬಂದು ಲೀಗೇ ರದ್ದಾಯ್ತು, ಆ ವರ್ಷ ಕಪ್ ಯಾರಿಗೂ ಕೊಡಲಿಲ್ಲ.

ಆ ಬುಕಿಟ್ ಜಲೀಲ್ ಪಂದ್ಯದ ಕೊನೇ ಹತ್ತು ನಿಮಿಷ ಹುಡುಕಿ ನೋಡಿ ಮಾವ. ನೋಡಿದ ಮೇಲೆ ಫೋನ್ ಮಾಡಿ, ನಾನು ಎದ್ದೇ ಇರ್ತೀನಿ.